ಕಡತಕ್ಕೆ ಪ್ರಶ್ನೆ ಕೇಳುವ ಭಾಷೆ: ಕುಲಾಬಾದಿಂದ ಪವಾಯಿಯವರೆಗೆ

ಗುಮಾಸ್ತನ ಕೆಲಸವೆಂದರೆ ಬರೆಯುವ ಕೆಲಸವೆಂದು ಹೊರಗಿನವರ ತಿಳುವಳಿಕೆ. ಬರೆಯುವುದು ಅದರ ಅರ್ಧ ಪಾಲು, ಉಳಿದರ್ಧ ಹುಡುಕುವುದು ಎಂಬುದು ದಫ್ತರದೊಳಗೆ ಕುಳಿತವರಿಗಷ್ಟೇ ಗೊತ್ತು. “ಬರುವ ಮಾರ್ಚಿಯೊಳಗೆ ನಿವೃತ್ತರಾಗುವವರು ಯಾರು ಯಾರು?” “ಐದು ವರ್ಷಕ್ಕೆ ಮೇಲ್ಪಟ್ಟು ಒಂದೇ ಶಾಖೆಯಲ್ಲಿರುವವರು ಎಷ್ಟು ಮಂದಿ?” “ನಾಮನಿರ್ದೇಶನ ಪತ್ರ ಸಲ್ಲಿಸದವರ ಪಟ್ಟಿ ಕೊಡಿ.” ಮೇಲಿನವರ ಪ್ರಶ್ನೆ ಒಂದೇ ವಾಕ್ಯದ್ದು. ಉತ್ತರಕ್ಕಾಗಿ ಮಾತ್ರ ಸೇವಾ ಪುಸ್ತಕಗಳ ರಾಶಿಯನ್ನೇ ಮಗುಚಿ ಹಾಕಬೇಕು. ಹಿಂದಿನ ಕಾಲದಲ್ಲಿ ಹಳೆಯ ಹೆಡ್ ಕ್ಲಾರ್ಕರಿಗೆ ದಫ್ತರದಲ್ಲಿ ಸಿಗುತ್ತಿದ್ದ ಮರ್ಯಾದೆಗೆ ಕಾರಣವೇ ಇದು: ಯಾವ ಕಡತ ಯಾವ ಕಪಾಟಿನಲ್ಲಿದೆ ಎಂಬುದು ಅವರ ತಲೆಯಲ್ಲಿತ್ತು.

ಇಂದು ಅದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಒಂದೇ ಸಾಲಿನಲ್ಲಿ ಕೇಳಬಹುದು. ಆದರೆ ಈ ಸೌಲಭ್ಯ ಯಂತ್ರದ ಜೊತೆಗೇ ಹುಟ್ಟಿ ಬಂದದ್ದಲ್ಲ. ಲೆಕ್ಕ ಮಾಡಲು ಕಲಿತ ಯಂತ್ರಕ್ಕೆ, ಕಡತವನ್ನು ಕುರಿತು ಕೇಳಿದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವ ಭಾಷೆ ದೊರೆಯಲು ಹಲವು ದಶಕಗಳೇ ಹಿಡಿದವು. ಆ ಇತಿಹಾಸವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಕಥೆಯ ಬಹುಭಾಗ ಪರದೇಶದಲ್ಲಿ ನಡೆದದ್ದು ನಿಜ. ಆದರೂ ಅದರ ಒಂದು ತುದಿ ನಮ್ಮ ಕುಲಾಬಾದಲ್ಲಿದೆ, ಮತ್ತೊಂದು ತುದಿ ಪವಾಯಿಯ ಕೆರೆದಂಡೆಯಲ್ಲಿದೆ.

ಕುಲಾಬಾದ ಯಂತ್ರ

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಮ್ಮ ಮುಂಬಯಿಯ ಹೆಮ್ಮೆ. ಆದರೆ 1945ರಲ್ಲಿ ಅದು ಮೊದಲು ಕಣ್ಣು ತೆರೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಎಂಬುದು ಕನ್ನಡಿಗರಾದ ನಾವು ನೆನಪಿಡಬೇಕಾದ ಸಂಗತಿ. ಅದೇ ವರ್ಷದ ಕೊನೆಗೆ ಡಾ. ಹೋಮಿ ಭಾಭಾ ಅವರು ಅದನ್ನು ಮುಂಬಯಿಗೆ ತಂದರು. ಅಲ್ಲಿ ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ತರುಣ ವಿಜ್ಞಾನಿಗಳ ಒಂದು ತಂಡ ತಾನೇ ಗಣಕಯಂತ್ರ ಕಟ್ಟಲು ಹೊರಟಿತು. 1956ರಲ್ಲಿ ಮಾದರಿ ಯಂತ್ರ ಕೆಲಸ ಮಾಡತೊಡಗಿತು; 1960ರಲ್ಲಿ ಪೂರ್ಣ ಪ್ರಮಾಣದ ಯಂತ್ರ ಸಿದ್ಧವಾಯಿತು. 1962ರಲ್ಲಿ ಪ್ರಧಾನಿ ನೆಹರೂ ಅವರು ಅದಕ್ಕೆ ‘ಟಿಫ್ರಾಕ್’ ಎಂದು ನಾಮಕರಣ ಮಾಡಿದರು.

ಸುಮಾರು 2,700 ನಿರ್ವಾತ ನಳಿಗೆಗಳಿದ್ದ ಆ ಭಾರಿ ಯಂತ್ರದ ನೆನಪಿನ ಶಕ್ತಿ 2,048 ಪದಗಳಷ್ಟು; ಪ್ರತಿ ಪದಕ್ಕೆ 40 ಬಿಟ್. ಇಂದು ನಮ್ಮ ಜೇಬಿನಲ್ಲಿರುವ ಫೋನಿನ ಒಂದು ಭಾವಚಿತ್ರಕ್ಕೂ ಅಷ್ಟು ಸಾಲದು. ಅದಕ್ಕೆ ಯಂತ್ರದ ಅಂಕಿಗಳಲ್ಲೇ ಆಜ್ಞೆ ಕೊಡಬೇಕಾಗಿತ್ತು. ಭೌತವಿಜ್ಞಾನದ ಸಮೀಕರಣಗಳನ್ನು ಬಿಡಿಸುವುದು ಅದರ ಕೆಲಸ. 1964ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ 3600 ಎಂಬ ದೊಡ್ಡ ಅಮೆರಿಕನ್ ಯಂತ್ರ ಬಂತು. ಅದರೊಂದಿಗೆ ಫೋರ್ಟ್ರಾನ್ ಭಾಷೆಯ ಬಳಕೆಯೂ ಬೆಳೆಯಿತು. ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ ಹೊರತಂದ ಈ ಭಾಷೆಯ ಹೆಸರಿನ ಅರ್ಥವೇ ‘ಸೂತ್ರಗಳ ಅನುವಾದ’ ಎಂದು. ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ಪುಸ್ತಕದಲ್ಲಿ ಬರೆದಂತೆಯೇ ಅದರಲ್ಲಿ ಬರೆಯಬಹುದಾಗಿತ್ತು. ಆದರೆ ಕಡತ, ಹೆಸರು, ವಿಳಾಸ, ಬಾಕಿ ಇವುಗಳ ಗೊಡವೆ ಅದಕ್ಕಿರಲಿಲ್ಲ. ವಿಜ್ಞಾನಿಯ ಪ್ರಶ್ನೆಗೂ ಗುಮಾಸ್ತನ ಪ್ರಶ್ನೆಗೂ ಇರುವ ಅಂತರ ಅಲ್ಲಿಯೇ ಎದ್ದು ಕಾಣುತ್ತದೆ.

ದಫ್ತರದ ಭಾಷೆ ಕೋಬಾಲ್

ಗುಮಾಸ್ತನ ಪಾಲಿಗೆ ಬಂದ ಮೊದಲ ದೊಡ್ಡ ಭಾಷೆ ಕೋಬಾಲ್. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸರ್ಕಾರದವರೂ ಯಂತ್ರ ತಯಾರಕರೂ ಕೂಡಿ ಒಂದು ಮಂಡಳಿ ರಚಿಸಿದರು. ಗ್ರೇಸ್ ಹಾಪರ್ ಎಂಬ ಮಹಿಳೆ ಅದಕ್ಕೂ ಮೊದಲೇ ರೂಪಿಸಿದ್ದ ‘ಫ್ಲೋ-ಮ್ಯಾಟಿಕ್’ ಭಾಷೆಯಿಂದ ಸ್ಫೂರ್ತಿ ಪಡೆದು 1960ರಲ್ಲಿ ಕೋಬಾಲ್ ಹೊರಬಿತ್ತು. ಇದರಲ್ಲಿ ಆಜ್ಞೆಗಳಿಗೊಂದು ಭಾಗ, ದತ್ತಾಂಶದ ವಿವರಣೆಗೆ ಇನ್ನೊಂದು ಭಾಗ. ನೌಕರನ ಹೆಸರಿಗೆ ಇಷ್ಟು ಅಕ್ಷರ, ಸಂಬಳಕ್ಕೆ ಇಷ್ಟು ಅಂಕಿ ಎಂದು ಮೊದಲೇ ಬರೆದಿಡಬೇಕು. ಕೆಲವೇ ವರ್ಷಗಳಲ್ಲಿ ದಾಖಲೆಗಳನ್ನು ಅನುಕ್ರಮವಾಗಿ ಜೋಡಿಸುವ ‘ಸಾರ್ಟ್’ ಎಂಬ ಕ್ರಿಯಾಪದವೂ, ವರದಿ ತಯಾರಿಸುವ ಸೌಕರ್ಯವೂ ಆ ಭಾಷೆಯೊಳಗೇ ಸೇರಿದವು. ದತ್ತಾಂಶದ ಕೆಲಸಕ್ಕೆ ಪ್ರೋಗ್ರಾಮ್ ಭಾಷೆ ತನ್ನ ಮನೆಯೊಳಗೆ ಜಾಗ ಕೊಟ್ಟ ಮೊದಲ ದೊಡ್ಡ ನಿದರ್ಶನಗಳಲ್ಲಿ ಇದೊಂದು.

ಆದರೂ ಹುಡುಕುವ ಕೆಲಸ ಮಾತ್ರ ಹಳೆಯ ರೀತಿಯದೇ. ಟೇಪಿನಿಂದ ಒಂದು ದಾಖಲೆ ಓದು; ಷರತ್ತಿಗೆ ಸರಿಹೊಂದುತ್ತದೆಯೇ ನೋಡು; ಹೊಂದಿದರೆ ಬರೆದುಕೊ; ಇಲ್ಲವಾದರೆ ಮುಂದಿನದನ್ನು ಓದು; ಟೇಪು ಮುಗಿಯುವ ತನಕ ಹೀಗೆಯೇ ಮಾಡು. ಅಂದರೆ ‘ಏನು ಬೇಕು’ ಎಂದು ಹೇಳಿದರೆ ಸಾಲದು, ‘ಹೇಗೆ ಹುಡುಕಬೇಕು’ ಎಂಬುದನ್ನೂ ಹೆಜ್ಜೆ ಹೆಜ್ಜೆಗೆ ಹೇಳಬೇಕು. ಹೊಸ ಜವಾನನಿಗೆ ರೆಕಾರ್ಡ್ ರೂಮಿನ ದಾರಿಯನ್ನು ದಿನವೂ ಹೊಸದಾಗಿ ವಿವರಿಸಿದಂತೆ.

ನಮ್ಮ ಊರಿನಲ್ಲಿ ಎಸ್ಸೊ ಎಣ್ಣೆ ಕಂಪನಿ 1961ರಲ್ಲಿ ಐಬಿಎಂ 1401 ಯಂತ್ರವನ್ನು ತಂದಿತು. ವ್ಯಾಪಾರದ ಲೆಕ್ಕಕ್ಕಾಗಿ ದೇಶಕ್ಕೆ ಬಂದ ಮೊದಮೊದಲ ಗಣಕಯಂತ್ರಗಳಲ್ಲಿ ಅದು ಸೇರುತ್ತದೆ. ಜೀವ ವಿಮಾ ನಿಗಮ ಅದೇ ದಶಕದಲ್ಲಿ ಗಣಕಯಂತ್ರ ತರಲು ಮುಂದಾದಾಗ ನೌಕರ ಸಂಘಗಳು ಸಿಡಿದೆದ್ದವು. ಕಲ್ಕತ್ತೆಯಲ್ಲಂತೂ ಆ ಹೋರಾಟ ಬಹಳ ತೀವ್ರವಾಗಿತ್ತು. ಯಾಂತ್ರೀಕರಣದ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಪ್ರೊ. ವಿ. ಎಂ. ದಾಂಡೇಕರ್ ಅವರ ಸಮಿತಿಯನ್ನು ನೇಮಿಸಿತು. 1972ರಲ್ಲಿ ಅದರ ವರದಿ ಬಂತು. ಅಂದಿನ ಗುಮಾಸ್ತರ ಭಯವನ್ನು ಇಂದು ನಕ್ಕು ತಳ್ಳಿಬಿಡುವುದು ಸುಲಭ. ಆದರೆ ಹುಡುಕುವುದೇ ಯಾರ ಅನ್ನವೋ ಅವರಿಗೆ, ಹುಡುಕುವ ಯಂತ್ರ ಬಂದರೆ ಎದೆ ನಡುಗುವುದು ಸಹಜವೇ ಅಲ್ಲವೇ?

ಇನ್ನೊಂದು ಕಡೆ ಅದೇ ಯಂತ್ರ ಹೊಸ ಅನ್ನವನ್ನೂ ಹುಟ್ಟಿಸುತ್ತಿತ್ತು. 1968ರಲ್ಲಿ ಮುಂಬಯಿಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಎಫ್. ಸಿ. ಕೊಹ್ಲಿ ಅವರ ನೇತೃತ್ವದಲ್ಲಿ ಅದು ಕೈಗೊಂಡ ಮೊದಮೊದಲ ಪರದೇಶೀ ಕೆಲಸಗಳಲ್ಲೊಂದು, ಅಮೆರಿಕದ ಬರೋಸ್ ಕಂಪನಿಯ ಆಸ್ಪತ್ರೆ ಲೆಕ್ಕದ ಪ್ರೋಗ್ರಾಮನ್ನು ಒಂದು ಬಗೆಯ ಕೋಬಾಲಿನಿಂದ ಮತ್ತೊಂದು ಬಗೆಯ ಕೋಬಾಲಿಗೆ ಮಾರ್ಪಡಿಸುವುದು. 1973ರಲ್ಲಿ ಅಂಧೇರಿಯಲ್ಲಿ ಸೀಪ್ಜ್ ರಫ್ತು ವಲಯ ಬಂತು. ನಮ್ಮ ಎಷ್ಟೋ ಕನ್ನಡ ಕುಟುಂಬಗಳ ಮಕ್ಕಳು ಮುಂದೆ ಅನ್ನ ಕಂಡದ್ದು ಇಂಥ ಕಡೆಗಳಲ್ಲೇ.

ದಾರಿ ಹೇಳುವವನು, ಬೇಕಾದುದನ್ನು ಹೇಳುವವನು

ಟೇಪು ಹೋಗಿ ಡಿಸ್ಕ್ ಬಂದ ಮೇಲೆ ಯಾವ ದಾಖಲೆಗಾದರೂ ನೇರವಾಗಿ ಹೋಗುವುದು ಸಾಧ್ಯವಾಯಿತು. ಅರವತ್ತರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚಾರ್ಲ್ಸ್ ಬಾಕ್‌ಮನ್ ಎಂಬವರು ದಾಖಲೆಯಿಂದ ದಾಖಲೆಗೆ ಕೊಂಡಿ ಹಾಕುವ ವ್ಯವಸ್ಥೆಯೊಂದನ್ನು ಕಟ್ಟಿದರು. ಶಾಖೆಯಿಂದ ನೌಕರನಿಗೆ, ನೌಕರನಿಂದ ಅವನ ಸಾಲದ ಖಾತೆಗೆ ಹೀಗೆ ಕೊಂಡಿ ಹಿಡಿದು ಸಾಗುವುದು. ಕೋಬಾಲ್ ರೂಪಿಸಿದ ಮಂಡಳಿಯೇ ನೇಮಿಸಿದ ತಂಡವೊಂದು 1971ರಲ್ಲಿ, ‘ಫೈಂಡ್’, ‘ಗೆಟ್’ ಮುಂತಾದ ಕ್ರಿಯಾಪದಗಳನ್ನು ಕೋಬಾಲಿಗೆ ಸೇರಿಸಿ ಈ ಕೊಂಡಿಗಳ ಮೇಲೆ ನಡೆಯುವ ಬಗೆಯನ್ನು ಸೂಚಿಸಿತು. 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಬಾಕ್‌ಮನ್ ತಮ್ಮ ಭಾಷಣದಲ್ಲಿ ಪ್ರೋಗ್ರಾಮ್ ಬರೆಯುವವನನ್ನು ನಾವಿಕನಿಗೆ ಹೋಲಿಸಿದರು. ದತ್ತಾಂಶವೆಂಬ ಸಮುದ್ರದಲ್ಲಿ ದಾರಿ ಬಲ್ಲವನೇ ಜಾಣ!

ಆದರೆ ನಾವಿಕನ ತೊಂದರೆ ಏನೆಂದರೆ, ಬಂದರು ಸ್ಥಳಾಂತರವಾದರೆ ಅವನ ನಕ್ಷೆ ವ್ಯರ್ಥ. ಕಪಾಟು ಬದಲಾದ ದಿನ ಹೆಡ್ ಕ್ಲಾರ್ಕರ ನೆನಪೂ ಅಷ್ಟೇ. ಐಬಿಎಂ ಸಂಸ್ಥೆಯಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಬೇರೆಯೇ ಪರಿಹಾರ ಸೂಚಿಸಿದರು. ಎಲ್ಲ ದತ್ತಾಂಶವೂ ಸರಳ ಕೋಷ್ಟಕಗಳಾಗಿರಲಿ, ಸಾಲುಗಳು ಮತ್ತು ಅಂಕಣಗಳು, ಅಷ್ಟೇ. ಕೇಳುವವನು ತನಗೆ ಏನು ಬೇಕೆಂದು ಹೇಳಲಿ. ಯಾವ ದಾರಿಯಲ್ಲಿ ಹೋಗಿ ತರಬೇಕೆಂಬುದನ್ನು ಯಂತ್ರವೇ ನಿಶ್ಚಯಿಸಲಿ. 1974ರಲ್ಲಿ ಅಮೆರಿಕದ ಆನ್ ಆರ್ಬರ್ ನಗರದಲ್ಲಿ ಈ ಎರಡು ಪಂಥಗಳ ನಡುವೆ ಬಹಿರಂಗ ಚರ್ಚೆಯೇ ನಡೆಯಿತು. ಅದೇ ವರ್ಷ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ತರುಣರು ಕಾಡ್ ಅವರ ಗಣಿತವನ್ನು ಸಾಮಾನ್ಯ ಇಂಗ್ಲಿಷಿನಂತಿರುವ ‘ಸೀಕ್ವೆಲ್’ ಭಾಷೆಗೆ ಇಳಿಸಿದರು. ಇಂಥ ಅಂಕಣಗಳನ್ನು ಆರಿಸು, ಇಂಥ ಕೋಷ್ಟಕದಿಂದ, ಇಂಥ ಷರತ್ತಿಗೆ ಒಳಪಟ್ಟು ಎಂಬ ಮೂರು ತುಣುಕುಗಳೇ ಅದರ ತಿರುಳು. ಬಾಯ್ಸ್ ಅದೇ ವರ್ಷ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಭಾಷೆ ಮಾತ್ರ ಎಸ್‌ಕ್ಯುಎಲ್ ಎಂಬ ಹೆಸರಿನಲ್ಲಿ ಬದುಕಿ 1986ರಲ್ಲಿ ಅಮೆರಿಕದ ಅಧಿಕೃತ ಮಾನಕವಾಯಿತು.

ತೇಪೆ ಹಾಕಿದ ಅಂಗಿ

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು, ಆಗಲಿಲ್ಲ. ಎಸ್‌ಕ್ಯುಎಲ್ ಪ್ರಶ್ನೆಯನ್ನಷ್ಟೇ ಕೇಳಬಲ್ಲದು; ಬಂದ ಉತ್ತರದಿಂದ ಸಂಬಳದ ಚೀಟಿ ಮುದ್ರಿಸುವುದು, ಲೆಕ್ಕ ಹಾಕುವುದು ಇತ್ಯಾದಿಗಳಿಗೆ ಕೋಬಾಲೋ ಮತ್ತೊಂದೋ ಬೇಕೇ ಬೇಕು. ಆದ್ದರಿಂದ ಒಂದು ಭಾಷೆಯ ಪ್ರೋಗ್ರಾಮಿನ ನಡುನಡುವೆ ಇನ್ನೊಂದು ಭಾಷೆಯ ಪ್ರಶ್ನೆಗಳನ್ನು ತೇಪೆಯಂತೆ ಹೊಲಿಯುವ ಪದ್ಧತಿ ಬಂತು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ತಂಡ 1976ರಲ್ಲೇ ತಮ್ಮ ‘ಕ್ವೆಲ್’ ಎಂಬ ಪ್ರಶ್ನಭಾಷೆಯನ್ನು ಸಿ ಭಾಷೆಯೊಳಗೆ ಹೀಗೆ ಸೇರಿಸಿತು.

ಕೋಷ್ಟಕದ ಭಾಷೆ ಸಾವಿರ ಸಾಲುಗಳನ್ನು ಒಟ್ಟಿಗೆ ಕೊಡುತ್ತದೆ; ಪ್ರೋಗ್ರಾಮಿನ ಭಾಷೆ ಒಂದೊಂದನ್ನೇ ಕೈಗೆತ್ತಿಕೊಳ್ಳುತ್ತದೆ. ಇಬ್ಬರ ಲೋಕವೇ ಬೇರೆ. 1984ರಲ್ಲಿ ಕೋಪ್ಲಂಡ್ ಮತ್ತು ಮೇಯರ್ ಎಂಬ ಸಂಶೋಧಕರು ಇದನ್ನು ‘ಇಂಪೀಡೆನ್ಸ್ ಮಿಸ್‌ಮ್ಯಾಚ್’ ಎಂದರು. ಭೌತವಿಜ್ಞಾನ ಓದಿದವರಿಗೆ ಈ ಮಾತಿನ ಮೂಲ ಹೊಳೆಯುತ್ತದೆ. ಆಂಪ್ಲಿಫೈಯರಿಗೂ ಧ್ವನಿವರ್ಧಕಕ್ಕೂ ವಿದ್ಯುತ್ ಪ್ರತಿರೋಧದ ಹೊಂದಾಣಿಕೆ ಇಲ್ಲದಿದ್ದರೆ ಶಕ್ತಿ ಸರಿಯಾಗಿ ದಾಟುವುದಿಲ್ಲ. 

ಇದಕ್ಕಿಂತ, ಪ್ರಶ್ನೆ ಕೇಳುವ ಶಕ್ತಿ ಭಾಷೆಯೊಳಗೇ ಹುಟ್ಟಿನಿಂದ ಇದ್ದರೆ? ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರವತ್ತರ ದಶಕದ ಉತ್ತರಾರ್ಧದಲ್ಲಿ ತಯಾರಾದ ‘ಮಂಪ್ಸ್’ ಎಂಬ ಭಾಷೆ ಈ ದಿಕ್ಕಿನ ಹಿರಿಯಣ್ಣ. ರೋಗಿಗಳ ದಾಖಲೆಗಾಗಿ ಹುಟ್ಟಿದ ಈ ಭಾಷೆಯಲ್ಲಿ ಕೆಲವು ಹೆಸರುಗಳ ಮುಂದೆ ಒಂದು ಚಿಹ್ನೆ ಹಾಕಿದರೆ ಸಾಕು, ಆ ಮಾಹಿತಿ ಯಂತ್ರ ಆರಿದರೂ ಡಿಸ್ಕಿನಲ್ಲಿ ಉಳಿಯುತ್ತಿತ್ತು. ಬೇರೆ ದತ್ತಾಂಶ ಭಂಡಾರದ ಅವಶ್ಯಕತೆಯೇ ಇಲ್ಲ. ಹ್ಯಾಂಬರ್ಗಿನ ಯೋಆಕಿಮ್ ಶ್ಮಿಟ್ 1977ರಲ್ಲಿ ಇನ್ನೊಂದು ಮುಖ್ಯ ಹೆಜ್ಜೆ ಇಟ್ಟರು. ಪಾಸ್ಕಲ್ ಭಾಷೆಯಲ್ಲಿ ಅಂಕಿ, ಅಕ್ಷರಗಳಂತೆ ಕಾಡ್ ಅವರ ಕೋಷ್ಟಕವೂ ಒಂದು ಬಗೆಯ ದತ್ತಾಂಶವಾಯಿತು. ಕೋಷ್ಟಕವನ್ನು ಪ್ರಶ್ನಿಸುವ ವಾಕ್ಯಗಳು ಭಾಷೆಯ ವ್ಯಾಕರಣಕ್ಕೇ ಸೇರಿದವು. ತಪ್ಪು ಅಂಕಣದ ಹೆಸರು ಬರೆದರೆ ಪ್ರೋಗ್ರಾಮು ಓಡುವ ಮೊದಲೇ ಅನುವಾದಕ ಎಚ್ಚರಿಸುವುದು ಇದರ ಲಾಭ. ತೇಪೆಯ ಕಾಲ ಮುಗಿದು ಅಂಗಿ ಒಂದೇ ಬಟ್ಟೆಯದಾಯಿತು. ಆದರೆ ಈ ಅಂಗಿ ವಿಶ್ವವಿದ್ಯಾಲಯದ ಹೊಸ್ತಿಲು ದಾಟಿ ಪೇಟೆಗೆ ಬರಲಿಲ್ಲ.

ನಮ್ಮ ಮೇಜಿಗೆ ಬಂದ ಡಿಬೇಸ್

ಪೇಟೆಗೆ ಬಂದದ್ದು ಬೇರೆಯೇ ಒಂದು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿದ್ದ ವೇಯ್ನ್ ರಾಟ್ಲಿಫ್ ಎಂಬವರು ಎಪ್ಪತ್ತರ ದಶಕದ ಕೊನೆಗೆ, ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಚಪಲಕ್ಕೆಂದು ‘ವಲ್ಕನ್’ ಎಂಬ ಪ್ರೋಗ್ರಾಮನ್ನು ಮನೆಯ ಪುಟ್ಟ ಗಣಕಕ್ಕಾಗಿ ಬರೆದರು. ಆಷ್ಟನ್-ಟೇಟ್ ಕಂಪನಿ ಅದನ್ನು ‘ಡಿಬೇಸ್ 2’ ಎಂದು ಮಾರಿತು. ಮುಂದೆ ಡಿಬೇಸ್ 3, ಅದರ ಹಾದಿಯಲ್ಲೇ ಫಾಕ್ಸ್‌ಪ್ರೋ. ‘ಯೂಸ್’ ಎಂದು ಕಡತ ತೆರೆ, ‘ಲಿಸ್ಟ್ ಫಾರ್’ ಎಂದು ಷರತ್ತು ಬರೆ, ಪಟ್ಟಿ ತೆರೆಯ ಮೇಲೆ ಬಂತು. ಅದೇ ಭಾಷೆಯಲ್ಲಿ ಲೆಕ್ಕ, ಅದರಲ್ಲೇ ವರದಿ. ಪ್ರಶ್ನೆ ಬೇರೆಯಲ್ಲ, ಪ್ರೋಗ್ರಾಮು ಬೇರೆಯಲ್ಲ.

ಭಾರತದ ಕಚೇರಿಗಳಲ್ಲಿ ಇದು ಹಬ್ಬಿದ ಪರಿ ಅದ್ಭುತವಾದುದು. ಬ್ಯಾಂಕುಗಳ ಯಂತ್ರೀಕರಣಕ್ಕೆ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ 1984ರಲ್ಲಿ ದಾರಿ ತೋರಿತ್ತು. ರೈಲ್ವೆಯ ಕಾದಿರಿಸುವಿಕೆ 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ಗಣಕೀಕೃತವಾಗಿ ಬಳಿಕ ಮುಂಬಯಿಗೂ ಬಂತು. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಒಂದು ಕಿಟಕಿ, ಇನ್ನೊಂದು ಗಾಡಿಗೆ ಇನ್ನೊಂದು ಕಿಟಕಿ ಎಂದು ಓಡಾಡುವುದು ತಪ್ಪಿತು. ಆದರೆ ಅವೆಲ್ಲ ದೊಡ್ಡವರ ದೊಡ್ಡ ಯಂತ್ರಗಳು. ನಮಗೆ ಕಿಟಕಿಯ ಹೊರಗಿನ ದರ್ಶನ ಮಾತ್ರ. ಡಿಬೇಸ್, ಫಾಕ್ಸ್‌ಪ್ರೋಗಳು ನಮ್ಮ ಮೇಜಿನ ಮೇಲೆಯೇ ಬಂದು ಕುಳಿತವು. ಬೀದಿಬೀದಿಯ ಕಂಪ್ಯೂಟರ್ ತರಗತಿಗಳಲ್ಲಿ ಆರು ತಿಂಗಳು ಕಲಿತು ಸರ್ಟಿಫಿಕೇಟು ಪಡೆದವರಲ್ಲಿ ಈ ಲೇಖಕನೂ ಒಬ್ಬ. ಮೊದಲು ಒಂದು ಪಟ್ಟಿ ಬೇಕಾದರೆ ಗಣಕ ವಿಭಾಗಕ್ಕೆ ಟಿಪ್ಪಣಿ ಕಳಿಸಿ ವಾರಗಟ್ಟಲೆ ಕಾಯಬೇಕಾಗಿತ್ತು; ಪ್ರಶ್ನೆ ಕೇಳುವ ಹಕ್ಕೇ ಕೆಲವರದು. ಆ ಹಕ್ಕನ್ನು ಸಾಧಾರಣ ಗುಮಾಸ್ತನಿಗೆ ಹಂಚಿದ್ದೇ ಈ ಭಾಷೆಗಳ ದೊಡ್ಡ ಉಪಕಾರವೆಂದು ನನ್ನ ಅಭಿಪ್ರಾಯ.

ಗಣಿತದ ಹೊಸ್ತಿಲಿನಿಂದ

ಇತ್ತ ವಿದ್ವಾಂಸರ ಲೋಕದಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ಪಿಯುಸಿ ಗಣಿತದಲ್ಲಿ ಗಣಗಳನ್ನು ಕಲಿತವರಿಗೆ ನೆನಪಿರಬಹುದು: ‘ಯಾವ ಸಂಖ್ಯೆಗಳು ಎರಡರಿಂದ ಭಾಗವಾಗುತ್ತವೆಯೋ ಅವುಗಳ ಗಣ’ ಎಂದು ಪುಷ್ಪಾವರಣದೊಳಗೆ ಬರೆಯುತ್ತಿದ್ದೆವು. ಸುಮಾರು 1970ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೇಕಬ್ ಶ್ವಾರ್ಟ್ಸ್ ರೂಪಿಸಿದ ‘ಸೆಟ್‌ಎಲ್’ ಭಾಷೆ ಈ ಬರವಣಿಗೆಯನ್ನೇ ಪ್ರೋಗ್ರಾಮಿಗೆ ತಂದಿತು. ಬ್ರಿಟನ್ನಿನ ಹಲವು ಭಾಷೆಗಳಲ್ಲಿ ಅದು ಪಟ್ಟಿಗಳ ರೂಪದಲ್ಲಿ ಬೆಳೆಯಿತು. ‘ಈ ಪಟ್ಟಿಯಿಂದ ಒಂದೊಂದನ್ನು ತೆಗೆದು, ಷರತ್ತಿಗೆ ಹೊಂದಿದರೆ, ಇಂಥದನ್ನು ಕೊಡು’ ಎಂಬ ಆ ವಾಕ್ಯವೂ ಎಸ್‌ಕ್ಯುಎಲ್ಲಿನ ಮೂರು ತುಣುಕುಗಳೂ ಒಂದೇ ಗರ್ಭದ ಮಕ್ಕಳು! ಫಿಲ್ ಟ್ರಿಂಡರ್ ಮತ್ತು ಫಿಲಿಪ್ ವಾಡ್ಲರ್ ಎಂಬ ವಿದ್ವಾಂಸರು ಎಂಬತ್ತರ ದಶಕದ ಕೊನೆಗೆ ಈ ನಂಟನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಈ ಧಾರೆ ಪೇಟೆಗೆ ಬಂದದ್ದು 2007ರಲ್ಲಿ. ಮೈಕ್ರೋಸಾಫ್ಟ್ ಕಂಪನಿಯ ಆಂಡರ್ಸ್ ಹೈಲ್ಸ್‌ಬರ್ಗ್, ಎರಿಕ್ ಮೈಯರ್ ಮೊದಲಾದವರು ಸಿ-ಶಾರ್ಪ್ ಭಾಷೆಯಲ್ಲಿ ‘ಲಿಂಕ್’ ಎಂಬ ಸೌಕರ್ಯವನ್ನು ಅಳವಡಿಸಿದರು. ಅದರ ಹೆಸರನ್ನು ಬಿಡಿಸಿದರೆ ‘ಭಾಷೆಯೊಳಗೇ ಬೆರೆತ ಪ್ರಶ್ನೆ’ ಎಂದಾಗುತ್ತದೆ. ನೆನಪಿನಲ್ಲಿರುವ ಪಟ್ಟಿಗೂ, ದೂರದ ದತ್ತಾಂಶ ಭಂಡಾರಕ್ಕೂ ಒಂದೇ ರೀತಿಯ ವಾಕ್ಯ. ಇದರ ಒಳಗುಟ್ಟು ಹೀಗೆ: ಪ್ರಶ್ನೆಯನ್ನು ಯಂತ್ರ ತಕ್ಷಣ ನಡೆಸಿಬಿಡುವುದಿಲ್ಲ, ಅದರ ರಚನೆಯನ್ನು ಮರದ ಕೊಂಬೆಗಳಂತೆ ಬಿಡಿಸಿ ಇಟ್ಟುಕೊಂಡು, ಭಂಡಾರಕ್ಕೆ ಹೋಗಬೇಕಾದಾಗ ಎಸ್‌ಕ್ಯುಎಲ್ಲಿಗೆ ಅನುವಾದಿಸುತ್ತದೆ. ಶ್ಮಿಟ್ ಅವರ ಕನಸು ಮೂವತ್ತು ವರ್ಷಗಳ ಬಳಿಕ ಲಕ್ಷಾಂತರ ಜನರ ಕೈಗೆ ಬಂತು.

ಪವಾಯಿಯ ಜಾಣ್ಮೆ

ಇಷ್ಟಾದರೂ ಜನ ಹಳೆಯ ಅಭ್ಯಾಸ ಬಿಡುತ್ತಾರೆಯೇ? ಒಳ್ಳೆಯ ಪ್ರಶ್ನಭಾಷೆ ಕೈಯಲ್ಲಿದ್ದರೂ ಎಷ್ಟೋ ಪ್ರೋಗ್ರಾಮುಗಳಲ್ಲಿ ಒಂದೊಂದೇ ದಾಖಲೆಯನ್ನು ತರಿಸಿ ನೋಡುವ ಪದ್ಧತಿ ಉಳಿದೇ ಇದೆ. ಈ ತೊಡಕಿಗೆ ಕೈ ಹಾಕಿದವರು ನಮ್ಮ ಪವಾಯಿಯ ಐಐಟಿಯವರು. 1958ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಎಸ್. ಸುದರ್ಶನ್ ಅವರ ಹೆಸರು ಜಗತ್ತಿನ ಗಣಕ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಸಿಲ್ಬರ್‌ಶಾಟ್ಸ್ ಮತ್ತು ಕೋರ್ತ್ ಅವರ ಜೊತೆ ಬರೆದ ದತ್ತಾಂಶ ಭಂಡಾರದ ಪಠ್ಯಪುಸ್ತಕದಲ್ಲಿ ಮೂರನೆಯ ಹೆಸರು ಅವರದು. ಅವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದಾಗ ರಘು ರಾಮಕೃಷ್ಣನ್ ಮೊದಲಾದವರೊಂದಿಗೆ ‘ಕೋರಲ್’ ಎಂಬ ತರ್ಕಾಧಾರಿತ ಪ್ರಶ್ನಭಾಷೆಯನ್ನು ಕಟ್ಟುವುದರಲ್ಲಿಯೂ ಪಾಲುಗೊಂಡಿದ್ದರು.

2008ರಲ್ಲಿ ರವೀಂದ್ರ ಗುರವಣ್ಣವರ ಮತ್ತು ಸುದರ್ಶನ್ ಒಂದು ಪ್ರಬಂಧ ಪ್ರಕಟಿಸಿದರು. ಗುರವಣ್ಣವರ ಎಂಬ ಹೆಸರು ಕೇಳಿದೊಡನೆ ನಮ್ಮ ಬೆಳಗಾವಿ, ಧಾರವಾಡದ ಕಡೆಯ ಓದುಗರ ಕಿವಿ ನೆಟ್ಟಗಾಗದಿರದು. ಅವರ ವಿಚಾರವನ್ನು ದಫ್ತರದ ಭಾಷೆಯಲ್ಲಿ ಹೇಳುವುದಾದರೆ: ನೂರು ನೌಕರರ ಕಡತ ನೋಡಬೇಕಾಗಿದೆ. ಒಬ್ಬ ಗುಮಾಸ್ತ ನೂರು ಸಲ ಜವಾನನನ್ನು ರೆಕಾರ್ಡ್ ರೂಮಿಗೆ ಅಟ್ಟುತ್ತಾನೆ. ಬುದ್ಧಿವಂತನಾದರೆ ನೂರು ಹೆಸರುಗಳನ್ನು ಒಂದೇ ಚೀಟಿಯಲ್ಲಿ ಬರೆದು ಒಂದೇ ಸಲ ಕಳಿಸುತ್ತಾನೆ. ಮೊದಲನೆಯವನು ಬರೆದ ಪ್ರೋಗ್ರಾಮನ್ನು ಯಂತ್ರವೇ ಓದಿ, ಅರ್ಥ ಕೆಡದಂತೆ, ಎರಡನೆಯವನ ರೀತಿಗೆ ತಿದ್ದಿ ಬರೆಯುವುದು ಸಾಧ್ಯ ಎಂಬುದೇ ಆ ಪ್ರಬಂಧದ ಸಾರ. 2011ರಲ್ಲಿ ಅದೇ ಬಳಗದಿಂದ ಮುಂದಿನ ಹೆಜ್ಜೆ ಬಂತು: ಜವಾನ ಬರುವ ತನಕ ಕೈಕಟ್ಟಿ ಕೂರದೆ ಮುಂದಿನ ಚೀಟಿ ಬರೆಯುತ್ತಿರುವ ಉಪಾಯ. 2016ರಲ್ಲಿ ಇನ್ನೂ ಮುಂದಿನದು. ಎಲ್ಲ ಕಡತಗಳನ್ನೂ ಮೇಜಿಗೆ ತರಿಸಿ ಅವುಗಳಲ್ಲಿ ಹೆಚ್ಚಿನ ಸಂಬಳದವನನ್ನು ಹುಡುಕುವ ಪ್ರೋಗ್ರಾಮಿನೊಳಗೆ ‘ಹೆಚ್ಚಿನ ಸಂಬಳ ಯಾರದು?’ ಎಂಬ ಒಂದೇ ಪ್ರಶ್ನೆ ಅಡಗಿದೆ. ಅದನ್ನು ಹೊರತೆಗೆದು ಎಸ್‌ಕ್ಯುಎಲ್ಲಿನಲ್ಲಿ ಬರೆಯುವುದು. ಅದೇ ಗುಂಪಿನಲ್ಲಿ ಕಲಿತ ಕಾರ್ತಿಕ್ ರಾಮಚಂದ್ರ ಮೊದಲಾದವರು ಮೈಕ್ರೋಸಾಫ್ಟಿನಲ್ಲಿ ‘ಫ್ರಾಯ್ಡ್’ ಎಂಬ ವಿಧಾನ ರೂಪಿಸಿದರು. ಹೆಜ್ಜೆ ಹೆಜ್ಜೆಯಾಗಿ ಬರೆದ ಸಣ್ಣ ಪ್ರೋಗ್ರಾಮುಗಳನ್ನು ಪ್ರಶ್ನೆಯೊಳಗೇ ಕರಗಿಸುವ ಈ ವಿಧಾನ 2019ರ ಎಸ್‌ಕ್ಯುಎಲ್ ಸರ್ವರ್ ಆವೃತ್ತಿಯಲ್ಲಿ ಸೇರಿ ಜಗತ್ತಿನಾದ್ಯಂತ ಬಳಕೆಗೆ ಬಂತು.

ಇಲ್ಲಿ ಇತಿಹಾಸದ ಚಕ್ರ ಒಂದು ಸುತ್ತು ಬಂದುದನ್ನು ಗಮನಿಸಬೇಕು. ಮೊದಲು ಮನುಷ್ಯ ಯಂತ್ರಕ್ಕೆ ದಾರಿ ಹೇಳಿದ. ಬಳಿಕ ತನಗೆ ಬೇಕಾದುದನ್ನು ಮಾತ್ರ ಹೇಳಲು ಕಲಿತ. ಈಗ ಅವನು ದಾರಿಯನ್ನೇ ಹೇಳಿದರೂ ಅವನಿಗೆ ಬೇಕಾದುದೇನೆಂದು ಯಂತ್ರ ಊಹಿಸುತ್ತಿದೆ, ಹಳೆಯ ಹೆಡ್ ಕ್ಲಾರ್ಕರು ಸಾಹೇಬರ ಅರ್ಧ ಮಾತಿಗೇ ಪೂರ್ತಿ ಅರ್ಥ ಹಿಡಿಯುತ್ತಿದ್ದ ಹಾಗೆ.

ಖಾಲಿ ಅಂಕಣದ ಪ್ರಶ್ನೆ

ಇವೆಲ್ಲದರಿಂದ ನಮಗೇನು ಎಂದು ಕೇಳುವ ಓದುಗರಿಗೆ ಒಂದು ಮಾತು ಹೇಳಬೇಕಾಗಿದೆ. ಪ್ರಶ್ನೆ ಎಷ್ಟೇ ಜಾಣವಾಗಿರಲಿ, ಕೋಷ್ಟಕದಲ್ಲಿ ಅಂಕಣವಿದ್ದುದಕ್ಕೆ ಮಾತ್ರ ಉತ್ತರ. ಮಹಾರಾಷ್ಟ್ರದ ಅರ್ಜಿಗಳಲ್ಲಿ ಬಹುಕಾಲ ಹೆಸರಿಗೆ ಮೂರು ಅಂಕಣಗಳ ರೂಢಿಯಿತ್ತು: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ನಮ್ಮ ಹಳೆ ಮೈಸೂರು ಸೀಮೆಯವರಲ್ಲಿ ಹಲವರಿಗೆ ಅಡ್ಡಹೆಸರೇ ಇಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಹೆಸರು. ಒಂದು ಅರ್ಜಿಯಲ್ಲಿ ತಂದೆಯ ಹೆಸರೇ ಅಡ್ಡಹೆಸರಾಗುತ್ತದೆ, ಇನ್ನೊಂದರಲ್ಲಿ ಊರು, ಮತ್ತೊಂದರಲ್ಲಿ ಆ ಅಂಕಣ ಖಾಲಿ. ಕರಾವಳಿಯ ಶೆಟ್ಟರ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯುವವರಿದ್ದಾರೆ. ಮನುಷ್ಯನ ಕಣ್ಣಿಗೆ ಇವರೆಲ್ಲ ಒಬ್ಬರೇ ಎಂದು ತಿಳಿಯುತ್ತದೆ. ‘ಸಮ’ ಎಂಬ ಚಿಹ್ನೆಗೆ ತಿಳಿಯುವುದಿಲ್ಲ.

ಖಾಲಿ ಅಂಕಣದ ವಿಚಾರವಂತೂ ಇನ್ನೂ ಸೂಕ್ಷ್ಮ. ಕಾಡ್ ಅವರ ಪದ್ಧತಿಯಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡರ ಜೊತೆಗೆ ‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರವೂ ಇದೆ. ‘ಅಡ್ಡಹೆಸರು ಶೆಟ್ಟಿ ಎಂದಿರುವವರ ಪಟ್ಟಿ ಕೊಡು’ ಎಂದು ಎಸ್‌ಕ್ಯುಎಲ್ಲಿನಲ್ಲಿ ಕೇಳಿದರೆ ಆ ಅಂಕಣ ಖಾಲಿ ಇರುವವನು ಬರುವುದಿಲ್ಲ, ಅದು ಸರಿಯೇ. ಆದರೆ ‘ಶೆಟ್ಟಿ ಅಲ್ಲದವರ ಪಟ್ಟಿ ಕೊಡು’ ಎಂದರೂ ಅವನು ಬರುವುದಿಲ್ಲ! ಅವನ ಅಡ್ಡಹೆಸರು ಏನೆಂದು ಗೊತ್ತಿಲ್ಲದ್ದರಿಂದ ಶೆಟ್ಟಿ ಅಲ್ಲವೆಂದೂ ಯಂತ್ರ ಹೇಳಲೊಲ್ಲದು. ಸಿ-ಶಾರ್ಪ್ ಭಾಷೆಯಾದರೋ ಅದೇ ಹೋಲಿಕೆಗೆ ‘ಹೌದು, ಬೇರೆಯೇ’ ಎನ್ನುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಅನುವಾದಿಸುವಾಗ ಖಾಲಿ ಅಂಕಣದವರಿಗಾಗಿ ಒಂದು ಷರತ್ತನ್ನು ಹೆಚ್ಚಾಗಿ ಸೇರಿಸಲೇಬೇಕು. ಸೇರಿಸದಿದ್ದರೆ ಒಬ್ಬ ಮನುಷ್ಯ ಎರಡೂ ಪಟ್ಟಿಗಳ ನಡುವಿನ ಸಂದಿಯಲ್ಲಿ ಬಿದ್ದು ಹೋಗುತ್ತಾನೆ. ಅವನು ಪಿಂಚಣಿಗೆ ಕಾದಿರುವ ವಿಧವೆಯಾಗಿರಬಹುದು, ಶಾಲಾ ಪ್ರವೇಶಕ್ಕೆ ಕಾದಿರುವ ಮಗುವಾಗಿರಬಹುದು. ಯಂತ್ರ ತಪ್ಪು ಮಾಡಿಲ್ಲ, ಪ್ರಶ್ನೆಯೂ ವ್ಯಾಕರಣಬದ್ಧವಾಗಿಯೇ ಇತ್ತು. ಆದರೂ ಹೆಸರು ಇಲ್ಲ.

ಹಳೆಯ ಹೆಡ್ ಕ್ಲಾರ್ಕರ ನೆನಪನ್ನು ಭಾಷೆ ತನ್ನೊಳಗೆ ತೆಗೆದುಕೊಂಡಿತು. ಅವರ ಇನ್ನೊಂದು ಗುಣವನ್ನು ಅದು ತೆಗೆದುಕೊಂಡಿಲ್ಲ. ಪಟ್ಟಿ ಸಿದ್ಧವಾದ ಮೇಲೆ ಕನ್ನಡಕ ಸರಿಪಡಿಸಿಕೊಂಡು, “ಅಲ್ಲಯ್ಯಾ, ಇದರಲ್ಲಿ ಅವರ ಹೆಸರೇ ಕಾಣುವುದಿಲ್ಲವಲ್ಲ?” ಎಂದು ಕೇಳುತ್ತಿದ್ದರಲ್ಲ, ಆ ಗುಣ. ಪವಾಯಿ, ಐರೋಳಿ, ಅಂಧೇರಿಗಳಲ್ಲಿ ಪ್ರೋಗ್ರಾಮ್ ಬರೆಯುತ್ತಿರುವ ನಮ್ಮ ಮನೆಯ ಹುಡುಗ ಹುಡುಗಿಯರು ಖಾಲಿ ಅಂಕಣದವರಿಗಾಗಿ ಆ ಒಂದು ಷರತ್ತನ್ನು ಮರೆಯದೆ ಬರೆಯಲಿ. ಹಿರಿಯರು ತಮ್ಮ ಎಲ್ಲ ಕಾಗದಪತ್ರಗಳಲ್ಲಿ ಹೆಸರು ಒಂದೇ ರೀತಿಯಲ್ಲಿದೆಯೇ ಎಂದು ಒಮ್ಮೆ ಹರಡಿಕೊಂಡು ನೋಡಲಿ. ಉಳಿದ ಹುಡುಕಾಟವನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸಬಹುದು.